ಲುಂಬಿನಿಯ ದಾರಿಯಲ್ಲಿ ಎರಡು ಗಂಟೆಯ ಪುಣ್ಯ

ದೆಹಲಿಯಲ್ಲಿರುವ ನಮ್ಮ ಕಡೆಯವರ ಪ್ರವಾಸದ ಪಟ್ಟಿಗಳಲ್ಲಿ ಈಚೆಗೆ ಒಂದು ಹೊಸ ಐಟಂ ಸೇರಿಕೊಂಡಿದೆ. ರಾತ್ರಿ ರೈಲು ಹತ್ತಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸೊನೌಲಿ ಗಡಿ, ಆಚೆಗೆ ನೇಪಾಳದ ಭೈರಹವಾ, ಆಮೇಲೆ ಲುಂಬಿನಿಯ ಮಾಯಾದೇವಿ ಮಂದಿರ, ಅಶೋಕನ ಕಂಬ. ಇಷ್ಟು ಸರಿ. ಮಧ್ಯೆ ಒಂದು ಸಾಲು: "ಅನಾಥಾಶ್ರಮ ಭೇಟಿ, ಮಕ್ಕಳೊಂದಿಗೆ ಊಟ – 2 ಗಂಟೆ". ಸಂಜೆ ಮತ್ತೆ ಗಡಿ ದಾಟಿ ಗೋರಖಪುರದ ಹೋಟೆಲು. ಲುಂಬಿನಿಗೆ ನಾನೂ ಬರುತ್ತೇನೆ, ಆ ಎರಡು ಗಂಟೆ ಮಾತ್ರ ತೆಗೆದುಹಾಕಿ ಅಂದೆ. "ಏನ್ ಸಾರ್, ಪುಣ್ಯದ ಕೆಲಸಕ್ಕೂ ಆಬ್ಜೆಕ್ಷನ್ನಾ?" ಅಂದರು. ಹೌದು ಸ್ವಾಮಿ, ಆಬ್ಜೆಕ್ಷನ್ನೇ.

ಮೊದಲನೆಯದಾಗಿ, ಆ ಮಕ್ಕಳು ಅನಾಥರೇ? ನೇಪಾಳದ ಇಂಥ ಆಶ್ರಮಗಳಲ್ಲಿರುವ ಐದು ಮಕ್ಕಳಲ್ಲಿ ನಾಲ್ಕಕ್ಕೂ ಹೆಚ್ಚು ಮಕ್ಕಳಿಗೆ ತಂದೆಯೋ ತಾಯಿಯೋ ಒಬ್ಬರಾದರೂ ಬದುಕಿದ್ದಾರೆ ಎಂದು ಯುನಿಸೆಫ್ ಹೇಳುತ್ತಲೇ ಬಂದಿದೆ. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳ ಅಂತರ್ಯುದ್ಧ ನಡೆಯಿತಲ್ಲ, ಆಗ ಹುಮ್ಲಾದಂಥ ದೂರದ ಗುಡ್ಡಗಾಡಿನ ಊರುಗಳಿಗೆ ದಳ್ಳಾಳಿಗಳು ಹೋಗಿ, "ಮಗುವನ್ನು ಪಟ್ಟಣದಲ್ಲಿ ಓದಿಸುತ್ತೇವೆ" ಎಂದು ತಾಯ್ತಂದೆಯರಿಂದಲೇ ದುಡ್ಡು ಕಿತ್ತು ಮಕ್ಕಳನ್ನು ಕರೆತಂದರು. ಹೆಸರು ಬದಲಾಯಿತು, ಕಾಗದದ ಮೇಲೆ ಅಪ್ಪ ಅಮ್ಮ ಸತ್ತರು! 2004ರಲ್ಲಿ ಕಠ್ಮಂಡು ಬಳಿಯ ಒಂದು ಆಶ್ರಮಕ್ಕೆ ಸ್ವಯಂಸೇವಕನಾಗಿ ಬಂದ ಅಮೆರಿಕದ ಕಾನರ್ ಗ್ರೆನ್ನನ್‌ಗೆ ಈ ವಿಷಯ ಗೊತ್ತಾಯಿತು. ಆತ ಹುಮ್ಲಾಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಆ ಮಕ್ಕಳ ತಾಯ್ತಂದೆಯರನ್ನು ಹುಡುಕಿದ. ಅದಕ್ಕಾಗಿಯೇ 2006ರಲ್ಲಿ ನೆಕ್ಸ್ಟ್ ಜನರೇಷನ್ ನೇಪಾಳ್ ಎಂಬ ಸಂಸ್ಥೆ ಹುಟ್ಟಿತು.

ಇನ್ನೊಂದು ಗಮನಿಸಿ. ನೇಪಾಳದ ಆಶ್ರಮಗಳು ಹೆಚ್ಚಾಗಿರುವುದು ಅತಿ ಬಡ ಜಿಲ್ಲೆಗಳಲ್ಲಲ್ಲ. ಕಠ್ಮಂಡು ಕಣಿವೆ, ಪೋಖರಾ ಇರುವ ಕಾಸ್ಕಿ, ಚಿತ್ವನ್ – ಅಂದರೆ ಪ್ರವಾಸಿಗರು ಬರುವ ಕಡೆ. ಅನಾಥರು ಟೂರಿಸ್ಟ್ ಬಸ್ಸು ನಿಲ್ಲುವಲ್ಲೇ ಹುಟ್ಟುತ್ತಾರೆಯೇ? ಗಿರಾಕಿ ಎಲ್ಲಿದ್ದಾನೋ ಅಲ್ಲಿ ಅಂಗಡಿ. ಇದಕ್ಕೆ ಬಿ.ಕಾಂ. ಓದಿರಬೇಕಾಗಿಲ್ಲ.

ಕಳೆದ ವರ್ಷ ಇಂಥದೇ ಪ್ರವಾಸ ಮುಗಿಸಿ ಬಂದ ಮಿತ್ರರೊಬ್ಬರು ಮೊಬೈಲಿನಲ್ಲಿ ಫೋಟೋ ತೋರಿಸುತ್ತ, "ಈ ಹುಡುಗ ಬಹಳ ಚೂಟಿ ಕಣ್ರೀ. ದಸೈಂ ಹಬ್ಬಕ್ಕೆ ಅಮ್ಮ ಬರ್ತಾಳೆ ಅಂತ ಹಿಂದಿಯಲ್ಲೇ ಹೇಳಿದ, ಪಾಪ" ಅಂದರು. ದಸೈಂ ಅಂದರೆ ಅವರ ದಸರಾ. ಅಮ್ಮ ಬರುತ್ತಾಳೆ ಅಂದರೆ ಅಮ್ಮ ಇದ್ದಾಳೆ! ಆ ಮಾತು ಕೇಳಿಯೂ ಬಸ್ಸಿನಲ್ಲಿದ್ದ ಒಬ್ಬರಿಗೂ "ಹಾಗಾದರೆ ಇವನು ಇಲ್ಲೇಕಿದ್ದಾನೆ?" ಎಂದು ಕೇಳಬೇಕೆನಿಸಲಿಲ್ಲ. ಊಟಕ್ಕೆ ಹೊತ್ತಾಗಿತ್ತಂತೆ.

ನಾನು ಬ್ಯಾಂಕಿನವನು. ನಮ್ಮಲ್ಲಿ ಒಂದು ಸಣ್ಣ ಉಳಿತಾಯ ಖಾತೆ ತೆರೆಯಬೇಕಾದರೂ ಕೆವೈಸಿ ಬೇಕು: ಫೋಟೋ, ವಿಳಾಸ, ಗುರುತಿನ ಚೀಟಿ. ಸೊನೌಲಿಯಲ್ಲಿ ನಿಮ್ಮ ಗಾಡಿ ಆಚೆ ಹೋಗಬೇಕಾದರೆ ಭನ್ಸಾರ್ ಕಚೇರಿಯಲ್ಲಿ ಶುಲ್ಕ ಕಟ್ಟಿ ಚೀಟಿ ಮಾಡಿಸಬೇಕು. ಹೆಣ್ಣುಮಕ್ಕಳನ್ನು ಈಚೆಗೆ ಸಾಗಿಸುವವರ ಮೇಲೆ ಕಣ್ಣಿಡಲು ಮೈತಿ ನೇಪಾಳ್ ಸಂಸ್ಥೆಯವರು ಗಡಿಗಳಲ್ಲಿ ನಿಲ್ಲುತ್ತಾರೆ. ಆದರೆ ನಲವತ್ತು ಜನ ಅಪರಿಚಿತರು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದರೆ ಆಶ್ರಮದ ಗೇಟು ಹಾರು ಹೊಡೆಯುತ್ತದೆ. ಯಾರು, ಯಾಕೆ ಬಂದಿರಿ ಎಂದು ಕೇಳುವವರಿಲ್ಲ. ಲಾಕರ್ ರೂಮಿಗೆ ಹೀಗೆ ಕಂಡಕಂಡವರನ್ನು ಬಿಡುವ ಬ್ಯಾಂಕಿನಲ್ಲಿ ನೀವು ಹೆಂಡತಿಯ ಒಡವೆ ಇಡುತ್ತೀರಾ?

"ಎಲ್ಲರೂ ಮೋಸಗಾರರಲ್ಲ" ಎನ್ನುತ್ತಾರೆ. ನಿಜ. ದಿಕ್ಕಿಲ್ಲದ ಮಕ್ಕಳೂ ಇದ್ದಾರೆ, ಅವರನ್ನು ಪ್ರಾಮಾಣಿಕವಾಗಿ ಸಾಕುವವರೂ ಇದ್ದಾರೆ. ಆದರೆ ಹಾಗೆ ಸಾಕುವವರು ಮಗುವನ್ನು ಬಸ್ಸಿನವರ ಮುಂದೆ ಸಾಲಾಗಿ ನಿಲ್ಲಿಸಿ ಹಾಡಿಸುವುದಿಲ್ಲ. ಒಳ್ಳೆಯ ಆಶ್ರಮದ ಮೊದಲ ಲಕ್ಷಣವೇ ಅದು ನಿಮ್ಮನ್ನು ಗೇಟಿನ ಹೊರಗೆ ನಿಲ್ಲಿಸುವುದು.

"ಮಕ್ಕಳಿಗೆ ಒಂದು ದಿನದ ಸಂತೋಷವಾದರೂ ಸಿಗಲಿ" ಎನ್ನುವುದು ಇನ್ನೊಂದು ವಾದ. ಒಂದು ದಿನ ನೀವು, ಮಾರನೇ ದಿನ ಇನ್ನೊಂದು ಬಸ್ಸು. ಎತ್ತಿಕೊಂಡವರೆಲ್ಲ ಸಂಜೆಗೆ ಬಿಟ್ಟು ಹೋಗುತ್ತಾರೆ ಎಂಬ ಪಾಠವನ್ನೇ ಮಗು ದಿನವೂ ಕಲಿಯುತ್ತದೆ. ಮಗುವಿಗೆ ಬೇಕಾದ್ದು ಬದಲಾಗದ ಒಂದು ಮುಖ. ರುಮೇನಿಯಾದ ಬುಖಾರೆಸ್ಟಿನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನದಲ್ಲಿ ಆಶ್ರಮದ 136 ಎಳೆಯ ಮಕ್ಕಳನ್ನು ಆರಿಸಿಕೊಂಡು ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟರು. ಮನೆಗಳಲ್ಲಿ ಬೆಳೆದವು ಬುದ್ಧಿಶಕ್ತಿಯಲ್ಲಿ ಮುಂದಾದವು, ಬೇಗ ಮನೆ ಸೇರಿದವು ಇನ್ನೂ ಮುಂದಾದವು. ಬಿಸ್ಕತ್ತಿನಿಂದ ಇದು ಆಗುವುದಿಲ್ಲ.

ಮೂರನೆಯ ವಾದವೇ ನನಗೆ ಹೆಚ್ಚು ಸಿಟ್ಟು ಬರಿಸುವುದು: "ನಮ್ಮ ಮಕ್ಕಳಿಗೂ ಕಷ್ಟ ಏನೂಂತ ಗೊತ್ತಾಗಲಿ." ನಿಮ್ಮ ಮಗನಿಗೆ ಪಾಠವಾಗಲೆಂದು ಇನ್ನೊಬ್ಬರ ಮಗ ಪ್ರದರ್ಶನಕ್ಕೆ ನಿಲ್ಲಬೇಕೇ? ಕಷ್ಟ ತೋರಿಸುವುದಿದ್ದರೆ ನಿಮ್ಮ ಮನೆಗೆಲಸದವಳ ಸಂಬಳದ ಲೆಕ್ಕ ತೋರಿಸಿ, ಸಾಕು.

ಈಗ ಗಡಿಯ ಮಾತು. ನಮ್ಮ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ರಕ್ಷಣೆಯಲ್ಲಿರುವ ಮಗುವಿನ ಗುರುತು, ಚಿತ್ರ ಪ್ರಕಟಿಸಿದರೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ದೆಹಲಿಯಲ್ಲಿ ಮಾಡಲು ಅಂಜುವುದನ್ನು ಸೊನೌಲಿಯ ಆಚೆ ಅಂಜದೆ ಮಾಡಿ, ಸಂಜೆಯೊಳಗೆ ವಾಟ್ಸಾಪಿಗೆ ಹಾಕುತ್ತೇವೆ. ನೂರು ರೂಪಾಯಿ ಕೊಟ್ಟರೆ ನೇಪಾಳದ ನೂರಾ ಅರವತ್ತು; 1993ರಿಂದ ದರ ಅದೇ. ಹಾಗೆಂದು ಆಚೆಯ ಮಗುವಿನ ಮಾನದ ದರವೂ ಕಡಿಮೆಯೇ? ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ, ಆಶ್ರಮಗಳಿಗೆ ಮಕ್ಕಳನ್ನು ಸಾಗಿಸುವುದೂ ಗುಲಾಮಗಿರಿಯ ಒಂದು ರೂಪ ಎಂಬ ಮಾತು ಅಲ್ಲಿನ ಸಂಸತ್ತಿನಲ್ಲೇ ಬಂತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಆಶ್ರಮಗಳಲ್ಲಿ ಪ್ರವಾಸಿಗರು ಮಾಡುವ ಸೇವೆಯ ಅಪಾಯದ ಬಗ್ಗೆ ಎಚ್ಚರಿಸಿತು. ವಿಮಾನದಲ್ಲಿ ಬರುವ ಬಿಳಿಯರಿಗೆ ಹೇಳಿದ ಮಾತು ಬಸ್ಸಿನಲ್ಲಿ ಹೋಗುವ ನಮಗೂ ಅನ್ವಯಿಸುತ್ತದೆ.

ಕೊಡಬೇಡಿ ಎನ್ನುತ್ತಿಲ್ಲ. ಮಗು ಮನೆಯಲ್ಲೇ ಉಳಿಯುವಂತೆ ಕೊಡಿ. ನಮ್ಮ ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ, ಕಷ್ಟದಲ್ಲಿರುವ ಕುಟುಂಬದ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಲು ತಿಂಗಳಿಗೆ ಕೊಡುವುದು 4000 ರೂಪಾಯಿ. ನಲವತ್ತು ಜನ ನೂರು ನೂರು ಹಾಕಿದರೆ ಅಷ್ಟಾಗುತ್ತದೆ! ಊರಿನಲ್ಲೋ ನೇಪಾಳದಲ್ಲೋ, ಮಕ್ಕಳನ್ನು ಮನೆಗೆ ಮರಳಿಸುವವರಿಗೆ, ಹಳ್ಳಿಯ ಶಾಲೆಗೆ, ಒಂಟಿ ತಾಯಿಗೆ ಲೆಕ್ಕ ಕೇಳಿ ಕೊಡಿ, ರಸೀದಿ ಪಡೆಯಿರಿ, ಮುಂದಿನ ವರ್ಷವೂ ಕೊಡಿ. ಫೋಟೋ ಸಿಗುವುದಿಲ್ಲ, ಅಷ್ಟೇ.

ಲುಂಬಿನಿಯಲ್ಲಿ ಕೈಮುಗಿಯುವಾಗ ಇದನ್ನೂ ನೆನೆಯಿರಿ. ಮಾಯಾದೇವಿ ಮಗು ಹುಟ್ಟಿದ ಏಳನೇ ದಿನಕ್ಕೆ ತೀರಿಕೊಂಡಳು ಎನ್ನುತ್ತದೆ ಬೌದ್ಧ ಪರಂಪರೆ. ಆ ತಬ್ಬಲಿಯನ್ನು ಯಾವ ಆಶ್ರಮಕ್ಕೂ ಹಾಕಲಿಲ್ಲ. ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ ಎದೆಹಾಲು ಕೊಟ್ಟು ಸಾಕಿದಳು. ಬಸ್ಸು ಅಲ್ಲಿಂದ ನೇರ ಗಡಿಗೆ ಬರಲಿ. ಪಟ್ಟಿಯಿಂದ ಆ ಸಾಲು ಹೊಡೆದುಹಾಕುವವರೆಗೂ ನನ್ನ ಹೆಸರು ಬರೆದುಕೊಳ್ಳಬೇಡಿ.