ಹ್ಯಾಮಿಲ್ಟನ್ ಪೇಟೆ: ಒಂದೇ ಊರಿನ ಎರಡು ವ್ಯಾಪಾರಗಳು ಕಲಿಸುವ ಪಾಠ

ಸಣ್ಣ ಊರಿನ ಪೇಟೆಬೀದಿಗೆ ಭವಿಷ್ಯವಿಲ್ಲ ಎಂಬ ಮಾತು ವರ್ತಕರ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಮಹಾನಗರದ ಮಾಲ್‌ಗಳು ಒಂದು ಕಡೆ, ಅಂತರ್ಜಾಲ ಮಾರಾಟ ಇನ್ನೊಂದು ಕಡೆ, ಇವೆರಡರ ನಡುವೆ ಸಣ್ಣ ವರ್ತಕನು ಉಳಿಯಲಾರನು ಎಂಬುದು ಈ ವಾದದ ಸಾರ. ಅಮೆರಿಕದ ಮಿಸೌರಿ ರಾಜ್ಯದ ಹ್ಯಾಮಿಲ್ಟನ್ ಎಂಬ ಪುಟ್ಟ ಊರಿನ ಅನುಭವವು ಈ ವಾದವನ್ನು ಪೂರ್ಣವಾಗಿ ಒಪ್ಪುವುದಿಲ್ಲ, ಪೂರ್ಣವಾಗಿ ತಳ್ಳಿಹಾಕುವುದೂ ಇಲ್ಲ. ಆದುದರಿಂದಲೇ ಅದು ಪರಿಶೀಲನೆಗೆ ಅರ್ಹವಾಗಿದೆ.

ಹ್ಯಾಮಿಲ್ಟನ್ ಕಾಲ್ಡ್‌ವೆಲ್ ಕೌಂಟಿಗೆ ಸೇರಿದ್ದು, ಕ್ಯಾನ್ಸಸ್ ಸಿಟಿಯ ಈಶಾನ್ಯಕ್ಕೆ ಸುಮಾರು ನೂರು ಕಿಲೋಮೀಟರು ದೂರದಲ್ಲಿದೆ. ಜನಸಂಖ್ಯೆ ಎರಡು ಸಾವಿರಕ್ಕೂ ಕಡಿಮೆ. ಸುತ್ತಲೂ ಏರಿಳಿತದ ಹುಲ್ಲುಗಾವಲು. ಜೋಳ, ಸೋಯಾಬೀನ್ ಮತ್ತು ದನಗಳು ಅಲ್ಲಿಯ ರೈತರ ಜೀವನಾಧಾರ. 1836ರಲ್ಲಿ ಮಾರ್ಮನ್ ಪಂಥೀಯರ ನೆಲೆಗೆಂದು ರಚಿತವಾದ ಈ ಕೌಂಟಿಯಿಂದ ಎರಡೇ ವರ್ಷಗಳಲ್ಲಿ ಅವರನ್ನು ಬಲಾತ್ಕಾರವಾಗಿ ಹೊರದೂಡಲಾಯಿತು. ಹ್ಯಾಮಿಲ್ಟನ್ ಊರಿನ ನಕ್ಷೆ ಸಿದ್ಧವಾದುದು ಆ ಬಳಿಕ, 1855ರಲ್ಲಿ. ಊರಿಗೆ ಜೀವ ತುಂಬಿದ್ದು 1859ರಲ್ಲಿ ಪೂರ್ಣಗೊಂಡ ಹ್ಯಾನಿಬಲ್–ಸೇಂಟ್ ಜೋಸೆಫ್ ರೈಲುಮಾರ್ಗ. ರೈಲಿನಿಂದ ಸರಕು ಬಂತು, ಸರಕಿನೊಡನೆ ಅಂಗಡಿಗಳು ಬಂದವು. ಸುತ್ತಲ ರೈತರು ವಾರಕ್ಕೊಮ್ಮೆ ಗಾಡಿ ಕಟ್ಟಿಕೊಂಡು ಬರುವ ಪೇಟೆಯಾಗಿ ಅದು ಬೆಳೆಯಿತು.

ಈ ಊರಿನ ಸಮೀಪದ ಹೊಲಮನೆಯೊಂದರಲ್ಲಿ 1875ರಲ್ಲಿ ಜೇಮ್ಸ್ ಕ್ಯಾಶ್ ಪೆನ್ನಿ ಜನಿಸಿದರು. ತಂದೆ ರೈತರು, ಬ್ಯಾಪ್ಟಿಸ್ಟ್ ಧರ್ಮೋಪದೇಶಕರೂ ಆಗಿದ್ದರು. ಮಗ ಎಂಟು ವರ್ಷದವನಾದಾಗಲೇ ತನ್ನ ಬಟ್ಟೆಯ ಖರ್ಚನ್ನು ತಾನೇ ದುಡಿದುಕೊಳ್ಳಬೇಕೆಂದು ಅವರು ಕಟ್ಟುಮಾಡಿದರು. ಹುಡುಗ ಹಂದಿ ಸಾಕಿದನು. ದುರ್ವಾಸನೆಯೆಂದು ನೆರೆಯವರು ದೂರಿದಾಗ, ಲಾಭಕ್ಕಾಗಿ ನೆರೆಯವರನ್ನು ಪೀಡಿಸಬಾರದೆಂದು ತಂದೆ ಅವುಗಳನ್ನು ಮಾರಿಸಿದರು. 1895ರಲ್ಲಿ ಊರಿನ ಬಟ್ಟೆಯಂಗಡಿಯೊಂದರಲ್ಲಿ ಅಲ್ಪ ಸಂಬಳದ ಗುಮಾಸ್ತರಾಗಿ ಪೆನ್ನಿಯವರು ವ್ಯಾಪಾರದ ಮೊದಲ ಪಾಠ ಕಲಿತರು.

1902ರಲ್ಲಿ ವಯೋಮಿಂಗ್‌ನ ಕೆಮರರ್ ಎಂಬ ಗಣಿ ಊರಿನಲ್ಲಿ ಮೂರನೆಯ ಒಂದು ಪಾಲಿನ ಪಾಲುದಾರರಾಗಿ ಅವರು ಅಂಗಡಿ ತೆರೆದರು. ಸಾಲವಿಲ್ಲ, ನಗದು ಮಾತ್ರ. ಎಲ್ಲರಿಗೂ ಒಂದೇ ದರ. ನುರಿತ ನೌಕರನನ್ನು ಹೊಸ ಅಂಗಡಿಯಲ್ಲಿ ಪಾಲುದಾರನನ್ನಾಗಿ ಮಾಡಿಕೊಳ್ಳುವುದು ಅವರ ವಿಸ್ತರಣೆಯ ಸೂತ್ರವಾಗಿತ್ತು. 1924ರಲ್ಲಿ ಐನೂರನೆಯ ಅಂಗಡಿಯನ್ನು ಅವರು ತವರಾದ ಹ್ಯಾಮಿಲ್ಟನ್‌ನಲ್ಲಿಯೇ ತೆರೆದರು. 1929ರ ವೇಳೆಗೆ ಅಂಗಡಿಗಳ ಸಂಖ್ಯೆ ಸಾವಿರವನ್ನು ದಾಟಿತ್ತು.

ಆದರೆ ಸಂಸ್ಥೆಯ ಪ್ರಧಾನ ಕಚೇರಿ 1914ರಷ್ಟು ಹಿಂದೆಯೇ ನ್ಯೂಯಾರ್ಕ್ ಸೇರಿತ್ತು. ಹ್ಯಾಮಿಲ್ಟನ್‌ಗೆ ಉಳಿದದ್ದು ಒಂದು ಶಾಖೆ ಮತ್ತು ಹೆಮ್ಮೆ. ಕೃಷಿ ಯಂತ್ರಗಳು ಬಂದು ರೈತ ಕುಟುಂಬಗಳ ಸಂಖ್ಯೆ ಇಳಿದಾಗ, ಉತ್ತಮ ರಸ್ತೆಗಳಾಗಿ ಗಿರಾಕಿಗಳು ನಗರಕ್ಕೆ ಹೋಗತೊಡಗಿದಾಗ, ಆ ಶಾಖೆಯೂ ಉಳಿಯಲಿಲ್ಲ. ದೂರದ ಕಚೇರಿಗೆ ಅದು ಲೆಕ್ಕಪತ್ರದ ಒಂದು ಸಾಲು. ಊರಿಗೆ ಅದು ಬೀದಿಯ ಒಂದು ಕಂಬ. ಮಾತೃಸಂಸ್ಥೆಯೇ 2020ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೋಯಿತು.

ಇದೇ ಬೀದಿಯಲ್ಲಿ ಎರಡನೆಯ ಕಥೆ ಆರಂಭವಾದುದು 2008ರಲ್ಲಿ. ಕ್ಯಾಲಿಫೋರ್ನಿಯಾದಿಂದ ಬಂದು ನೆಲೆಸಿದ್ದ ಡೋನ್ ಕುಟುಂಬದ ಹಿರಿಯರ ನಿವೃತ್ತಿ ಉಳಿತಾಯವು ಆ ವರ್ಷದ ಆರ್ಥಿಕ ಕುಸಿತದಲ್ಲಿ ಕರಗಿತು. ತಾಯಿ ಜೆನ್ನಿ ಡೋನ್ ಅವರಿಗೆ ಕ್ವಿಲ್ಟ್ ಹೊಲಿಗೆ ಬರುತ್ತಿತ್ತು. ಕ್ವಿಲ್ಟ್ ಎಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ. ಉತ್ತರ ಕರ್ನಾಟಕದ ಕೌದಿಯ ಸಮೀಪದ ಬಂಧು ಎನ್ನಬಹುದು. ಮಕ್ಕಳಾದ ಆಲನ್ ಮತ್ತು ಸಾರಾ ತಾಯಿಗಾಗಿ ದೊಡ್ಡ ಹೊಲಿಗೆ ಯಂತ್ರವೊಂದನ್ನೂ, ಅದನ್ನಿರಿಸಲು ಒಂದು ಕಟ್ಟಡವನ್ನೂ ಕೊಂಡರು. ಯಂತ್ರಕ್ಕಿಂತ ಕಟ್ಟಡವೇ ಅಗ್ಗವಾಗಿತ್ತು ಎಂಬುದೇ ಅಂದಿನ ಪೇಟೆಯ ಸ್ಥಿತಿಗೆ ಸಾಕ್ಷಿ.

ಹೊಲಿಗೆಯ ಕೂಲಿ ಕೆಲಸಕ್ಕೆ ಗಿರಾಕಿಗಳು ಸಾಲಲಿಲ್ಲ. ಆಗ ಆಲನ್ ಅವರ ಸಲಹೆಯಂತೆ ಜೆನ್ನಿ ಯೂಟ್ಯೂಬ್‌ನಲ್ಲಿ ಕ್ವಿಲ್ಟ್ ಹೊಲಿಯುವುದನ್ನು ಉಚಿತವಾಗಿ ಕಲಿಸತೊಡಗಿದರು. ಕಲಿತವರಿಗೆ ಬಟ್ಟೆ ಬೇಕಾಯಿತು. ಮೊದಲೇ ಅಳತೆಗೆ ಕತ್ತರಿಸಿಟ್ಟ ಬಟ್ಟೆಯ ಕಟ್ಟುಗಳನ್ನು, ದಿನಕ್ಕೊಂದು ಸರಕಿಗೆ ರಿಯಾಯಿತಿ ನೀಡಿ, ಮಿಸೌರಿ ಸ್ಟಾರ್ ಕ್ವಿಲ್ಟ್ ಕಂಪನಿ ಅಂತರ್ಜಾಲದ ಮೂಲಕ ಮಾರಿತು. ಬಟ್ಟೆ ಹ್ಯಾಮಿಲ್ಟನ್‌ನಲ್ಲಿ ನೇಯ್ದದ್ದಲ್ಲ. ಊರು ಮಾರಿದ್ದು ವಿದ್ಯೆಯನ್ನು ಮತ್ತು ನಂಬಿಕೆಯನ್ನು.

ಮುಂದಿನ ಹೆಜ್ಜೆಯೇ ಮುಖ್ಯವಾದುದು. ಅಂತರ್ಜಾಲದ ಲಾಭ ಕಂಡ ಮೇಲೆ ಉಗ್ರಾಣವೊಂದನ್ನು ಮಾತ್ರ ಉಳಿಸಿಕೊಂಡು ಅಂಗಡಿಯ ಬಾಗಿಲು ಮುಚ್ಚಬಹುದಾಗಿತ್ತು. ಡೋನ್ ಕುಟುಂಬವು ಅದಕ್ಕೆ ವ್ಯತಿರಿಕ್ತವಾಗಿ ಪೇಟೆಯ ಹಾಳು ಕಟ್ಟಡಗಳನ್ನು ಒಂದೊಂದಾಗಿ ಕೊಂಡು ದುರಸ್ತಿಗೊಳಿಸಿ, ಒಂದೊಂದು ಬಗೆಯ ಬಟ್ಟೆಗೆ ಒಂದೊಂದು ಅಂಗಡಿಯನ್ನು ತೆರೆಯಿತು. ತೆರೆಯ ಮೇಲೆ ಜೆನ್ನಿಯವರನ್ನು ಕಂಡವರು ಬಸ್ಸುಗಳಲ್ಲಿ ಊರಿಗೇ ಬರತೊಡಗಿದರು. ಬಟ್ಟೆ ಆರಿಸುವ ಪತ್ನಿಯರಿಗಾಗಿ ಕಾಯುವ ಗಂಡಂದಿರಿಗೆ ಕೂಡ ವಿಶ್ರಾಂತಿ ಕೊಠಡಿಯೊಂದು ಸಿದ್ಧವಾಯಿತು. ಉಪಾಹಾರ ಗೃಹಗಳು, ವಸತಿ ಸೌಕರ್ಯಗಳು ಹಿಂಬಾಲಿಸಿದವು. ನೂರಾರು ಜನರಿಗೆ ಉದ್ಯೋಗ ದೊರೆಯಿತು. 2015ರಲ್ಲಿ ಅಮೆರಿಕದ ಸಣ್ಣ ಉದ್ದಿಮೆ ಆಡಳಿತ ಇಲಾಖೆಯ ರಾಷ್ಟ್ರೀಯ ಪುರಸ್ಕಾರವು ಈ ಸಂಸ್ಥೆಯ ಸ್ಥಾಪಕರಿಗೆ ಸಂದಿತು.

ಈ ಎರಡು ವ್ಯಾಪಾರಗಳ ಹೋಲಿಕೆಯಿಂದ ಹೊರಡುವ ತೀರ್ಮಾನ ಸ್ಪಷ್ಟ. ಪೇಟೆಯನ್ನು ಕೊಲ್ಲುವುದು ಅಂತರ್ಜಾಲವಲ್ಲ, ದೊಡ್ಡ ಬಂಡವಾಳವೂ ಅಲ್ಲ. ಅಂಗಡಿಯನ್ನು ತೆರೆಯುವ ಮತ್ತು ಮುಚ್ಚುವ ನಿರ್ಧಾರವು ಊರಿನಿಂದ ದೂರ ಸರಿದಾಗ ಪೇಟೆ ಅನಾಥವಾಗುತ್ತದೆ. ಪೆನ್ನಿಯವರ ಪ್ರಾಮಾಣಿಕತೆ ನಿಸ್ಸಂದೇಹವಾದುದು. ಆದರೂ ಅವರ ಸಂಸ್ಥೆ ಊರನ್ನು ಬಿಟ್ಟು ಬೆಳೆಯಿತು. ಡೋನ್ ಕುಟುಂಬದ ವ್ಯಾಪಾರ ಜಗತ್ತಿಗೆ ಹರಡಿದರೂ ಅದರ ಲಾಭದ ಒಂದು ಭಾಗ ಊರಿನ ಗೋಡೆಗಳಿಗೆ ಸುಣ್ಣವಾಯಿತು.

ಹಾಗೆಂದು ಹ್ಯಾಮಿಲ್ಟನ್ ನಿಶ್ಚಿಂತವಾಗಿದೆ ಎನ್ನುವಂತಿಲ್ಲ. ಅಂದು ಊರು ರೈಲನ್ನೂ ರೈತನನ್ನೂ ನಂಬಿತ್ತು. ಇಂದು ಒಂದು ಕುಟುಂಬವನ್ನು, ಒಂದು ಹವ್ಯಾಸವನ್ನು ನಂಬಿದೆ. ಜನರ ಅಭಿರುಚಿ ಬದಲಾದರೆ ಅಥವಾ ಮುಂದಿನ ಪೀಳಿಗೆ ಸಂಸ್ಥೆಯನ್ನು ಹೊರಗಿನವರಿಗೆ ಮಾರಿದರೆ, ಹಳೆಯ ಕಥೆ ಮರುಕಳಿಸಲು ಬಹುಕಾಲ ಬೇಕಾಗದು. ಆದುದರಿಂದ ಊರಿನ ಇತರ ವರ್ತಕರು ಬಸ್ಸಿನಲ್ಲಿ ಬಂದವರಿಗೆ ಊಟ ಬಡಿಸಿ ತೃಪ್ತರಾಗದೆ, ತಮ್ಮದೇ ಸರಕಿಗೆ ದೂರದ ಗಿರಾಕಿಯನ್ನು ಹುಡುಕಿಕೊಳ್ಳಬೇಕು. ಈಗಿನ ಏಳಿಗೆಯ ದಿನಗಳೇ ಅದಕ್ಕೆ ತಕ್ಕ ಸಮಯ.

ಸಣ್ಣ ಊರಿನ ವರ್ತಕ ಬಂಧುಗಳು ಈ ಅನುಭವದಿಂದ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ತಮ್ಮ ಕೈಯಲ್ಲಿರುವ ಯಾವ ಕಸುಬನ್ನು ದೂರದವರಿಗೆ ಕಲಿಸಿ ಗಿರಾಕಿಗಳನ್ನಾಗಿ ಮಾಡಿಕೊಳ್ಳಬಹುದು? ಅದರಿಂದ ಬಂದ ಲಾಭದಲ್ಲಿ ಎಷ್ಟು ಪಾಲು ತಮ್ಮ ಬೀದಿಗೇ ಮರಳುತ್ತದೆ? ಮೊದಲನೆಯ ಪ್ರಶ್ನೆಗೆ ಉತ್ತರ ಕಂಡುಕೊಂಡವನು ಶ್ರೀಮಂತನಾದಾನು; ಎರಡನೆಯದಕ್ಕೂ ಉತ್ತರಿಸಬಲ್ಲವನಿಂದ ಪೇಟೆಯೂ ಬದುಕೀತು.