ಹೂಮಳೆ ನಿಂತ ಮೇಲೆ ದಾದಿಯರನ್ನು ಕೇಳುವವರಾರು?

2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ದೇಶವೆಲ್ಲ ತಟ್ಟೆ ಬಾರಿಸಿತು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂಮಳೆ ಕರೆದವು. ಅದೇ ದಿನಗಳಲ್ಲಿ ಪಾಳಿ ಮುಗಿಸಿ ಬಂದ ದಾದಿಯರಿಗೆ ಬಾಡಿಗೆ ಮನೆ ಖಾಲಿ ಮಾಡಿರೆಂದ ಸುದ್ದಿಯೂ ಊರೂರುಗಳಿಂದ ಬಂತು. ಹಾಗೆಂದವರು ಬಂಗಲೆಗಳ ಧನಿಗಳೇನಲ್ಲ. ವಠಾರದಲ್ಲಿ ಎರಡು ಕೋಣೆ ಬಾಡಿಗೆಗೆ ಕೊಟ್ಟು ಬದುಕುವ ನಮ್ಮಂಥವರೇ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡಿನ ತುರ್ತು ಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ಆ ವಾರ್ಡುಗಳಲ್ಲಿ ದುಡಿದವರ ಮನಸ್ಸಿನಿಂದ ಆ ದಿನಗಳು ಅಷ್ಟು ಸುಲಭವಾಗಿ ಹೋಗುವಂಥವಲ್ಲ. ನಿದ್ದೆ ಬಾರದು, ಊಟ ಸೇರದು, ಕಾರಣವಿಲ್ಲದೆ ಅಳು. ವೈದ್ಯರು ಇದನ್ನು ಖಿನ್ನತೆ ಎನ್ನುತ್ತಾರೆ. ಮೇಲಿನವರು ಮನೋಬಲ ಸಾಲದು ಎನ್ನುತ್ತಾರೆ. ನಾವು ಇದನ್ನು ಕೆಲಸದ ಹೊರೆ ಎನ್ನುತ್ತೇವೆ.

ಆ ಕೆಲಸ ಎಂಥದೆಂದು ತಿಳಿದುಕೊಳ್ಳಬೇಕು. ಪ್ಲಾಸ್ಟಿಕ್ಕಿನ ರಕ್ಷಾಕವಚ ಒಮ್ಮೆ ತೊಟ್ಟರೆ ಆರೆಂಟು ಗಂಟೆ ನೀರಿಲ್ಲ, ಶೌಚವಿಲ್ಲ. ಮುಟ್ಟಿನ ದಿನಗಳಾದರೂ ಬಿಡುವಿಲ್ಲ. ಸಾಯುತ್ತಿರುವವನ ಕಿವಿಗೆ ಫೋನು ಹಿಡಿದು ಮಕ್ಕಳ ಮಾತು ಕೇಳಿಸುವವಳು ಅವಳೇ. ಪಾಳಿ ಮುಗಿದರೆ ಹಾಸ್ಟೆಲು; ಸ್ವಂತ ಮಗುವನ್ನು ನೋಡುವುದು ಫೋನಿನಲ್ಲಿ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹೋಯಿತು. ಸತ್ತವರು 24 ಎಂದು ಮೊದಲು ಹೇಳಿದರು. ಹೈಕೋರ್ಟು ನೇಮಿಸಿದ ಸಮಿತಿ 36 ಎಂದಿತು. ಸಿಲಿಂಡರು ಎಲ್ಲಿಗೆ ಎಷ್ಟೆಂದು ತೀರ್ಮಾನಿಸುವವರು ಕಚೇರಿಯಲ್ಲಿರುತ್ತಾರೆ. ಉಸಿರು ಕಟ್ಟಿದವನ ಮಂಚದ ಬಳಿ ನಿಲ್ಲುವವಳು ದಾದಿ, ಬಂಧುಗಳ ಸಿಟ್ಟಿಗೆ ಮೊದಲು ಸಿಗುವವಳೂ ಅವಳೇ. (ದಾದಿಯರಲ್ಲಿ ಗಂಡಸರೂ ಇದ್ದಾರೆ, ಹೆಂಗಸರೇ ಹೆಚ್ಚಾದ್ದರಿಂದ ಹೀಗೆ ಬರೆಯುತ್ತಿದ್ದೇವೆ.)

ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕದಂತೆ ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೊಬ್ಬ ದಾದಿ, ತೀವ್ರ ನಿಗಾ ಘಟಕದಲ್ಲಿ ರೋಗಿಗೊಬ್ಬ ದಾದಿ ಇರಬೇಕು. ರಾತ್ರಿ ಪಾಳಿಯಲ್ಲಿ ಸರಕಾರಿ ಆಸ್ಪತ್ರೆಯ ವಾರ್ಡಿಗೆ ಹೋಗಿ ಬಂದವರು ಆ ಲೆಕ್ಕ ಎಷ್ಟು ನಡೆಯುತ್ತದೆಂದು ತಾವೇ ಹೇಳಲಿ. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನ ತಲೆಗೆ ಹೆಚ್ಚು ಮಗ್ಗ ಕಟ್ಟುವ ಯೋಜನೆಯ ವಿರುದ್ಧ 1928ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರು ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರು. ಮಗ್ಗ ಹೆಚ್ಚಾಗಿ ನೂಲು ಹರಿದರೆ ತಪ್ಪು ನೇಕಾರನದೇ ಎಂದು ದಂಡ ಹಾಕುವ ನ್ಯಾಯ ನಮಗೆ ಹೊಸದಲ್ಲ. ಅಲ್ಲಿ ಹರಿಯುವುದು ನೂಲು, ಇಲ್ಲಿ?

ಪಗಾರದ ಮಾತು ಬೇರೆ. ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿ 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು, 200ಕ್ಕೆ ಮೀರಿದ ಹಾಸಿಗೆಯಿದ್ದರೆ ಸರಕಾರಿ ದಾದಿಯಷ್ಟೇ ಪಗಾರ ಸಲ್ಲಬೇಕು ಎಂದಿತು. ಕೇರಳದಲ್ಲಿ ದಾದಿಯರು ಸಂಘ ಕಟ್ಟಿ ಹೋರಾಡಿದ್ದರಿಂದ 2018ರಲ್ಲಿ ಅಲ್ಲಿನ ಸರಕಾರ 20,000 ರೂಪಾಯಿ ಮೂಲವೇತನವನ್ನು ಅಧಿಸೂಚನೆಯಲ್ಲಿ ಬರೆಯಿತು. ಪುಕ್ಕಟೆ ಸಿಕ್ಕದ್ದಲ್ಲ.

ಸರಕಾರ ಏನೂ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. ಕರ್ತವ್ಯದಲ್ಲಿ ಕೋವಿಡ್ಡಿನಿಂದ ಸತ್ತವರ ಮನೆಯವರಿಗೆ 50 ಲಕ್ಷ ರೂಪಾಯಿ ವಿಮೆ ಎಂದು 2020ರಲ್ಲಿ ಸಾರಿತು. ಒಳ್ಳೆಯದೇ. ಆದರೆ ಅದು ಸತ್ತವರಿಗಾಯಿತು. ಬದುಕಿ ಉಳಿದು ಒಳಗೇ ಕುಸಿದವರಿಗೆ? ಮನಸ್ಸಿನ ಕಷ್ಟ ಹೇಳಿಕೊಳ್ಳಲು 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಬಂತು. ಕಷ್ಟದಲ್ಲಿದ್ದವರು ಸಂಕೋಚಪಡದೆ ಅದನ್ನು ಬಳಸಬೇಕು. ಹಾಗೆಂದು ಮಾತು ಮುಗಿಸಿ ಫೋನು ಕೆಳಗಿಟ್ಟ ಮೇಲೆ ಮತ್ತದೇ ಪಾಳಿ, ಅಷ್ಟೇ ರೋಗಿಗಳು, ವರ್ಷವರ್ಷವೂ ನವೀಕರಿಸಬೇಕಾದ ಅದೇ ಗುತ್ತಿಗೆಯ ಕಾಗದ ಎದುರಿದ್ದರೆ ಸಮಾಧಾನದ ಮಾತು ಎಷ್ಟು ದಿನ ತಡೆದೀತು?

ಗುತ್ತಿಗೆಯ ದಾದಿಯರನ್ನು ಖಾಯಂ ಮಾಡಬೇಕು, ಖಾಲಿ ಹುದ್ದೆ ತುಂಬಬೇಕು, ಮನಸ್ಸಿನ ಕಾಯಿಲೆಗೆ ಪಗಾರ ಕಡಿಯದೆ ರಜೆ ಕೊಡಬೇಕು. ಇವಕ್ಕೆಲ್ಲ ಬೆಂಗಳೂರಿನಿಂದ ಹುಕುಂ ಬರಬೇಕೆನ್ನುವುದಾದರೆ, ನಮ್ಮ ಊರಿನಲ್ಲೇ ಆಗಬಹುದಾದದ್ದು ಒಂದಿದೆ. ಜಿಲ್ಲಾ ಆಸ್ಪತ್ರೆಯ ಪ್ರತಿ ವಾರ್ಡಿನ ಬಾಗಿಲಲ್ಲಿ, ಈ ಪಾಳಿಯಲ್ಲಿ ರೋಗಿಗಳೆಷ್ಟು, ದಾದಿಯರೆಷ್ಟು ಎಂದು ದಿನಕ್ಕೆ ಮೂರು ಬಾರಿ ಹಲಗೆಯ ಮೇಲೆ ಬರೆದು ಹಾಕಲಿ. ಗಿರಣಿ ಸಂಘದವರೂ ವರ್ತಕರ ಸಂಘದವರೂ ಕೂಡಿ ಈ ಬೇಡಿಕೆಯನ್ನು ಜಿಲ್ಲಾಧಿಕಾರಿಗಳ ಮುಂದಿಡಬೇಕು.