ಕಳೆಯೂ ಕಂದಾಯವೂ

ಕಳೆಯೆಂದೊಡನೆ ನಮಗೆ ಒಕ್ಕಲಿಗನ ಹೊಲ ನೆನಪಾಗುವುದು ಸಹಜ. ಹೊಲದ ಕಳೆಯನ್ನು ಹೊಲದೊಡೆಯನೇ ಕೀಳಬೇಕು. ಅದು ಅವನ ಹೊಟ್ಟೆಯ ಪ್ರಶ್ನೆ. ಆದರೆ ಹಾದಿಯ ಬದಿಯ ಕಳೆಯನ್ನು ಕೀಳಬೇಕಾದವರು ಯಾರು? ಶಾಲೆಯ ಬಯಲಿನಲ್ಲಿ, ಸ್ಮಶಾನದಲ್ಲಿ, ಗಾಯರಾಣದಲ್ಲಿ, ಮುಚ್ಚಿಹೋದ ಕಾರ್ಖಾನೆಯ ಅಂಗಳದಲ್ಲಿ ಎದೆಯೆತ್ತರ ಬೆಳೆದು ನಿಂತುದಕ್ಕೆ ಒಡೆಯರು ಯಾರು? ಊರಿಗೆಲ್ಲ ಸೇರಿದ್ದು ಯಾರಿಗೂ ಸೇರದ್ದು ಎಂಬಂತೆ ನಾವು ನಡೆದುಕೊಳ್ಳುತ್ತಿದ್ದೇವೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಈ ಪ್ರಶ್ನೆ ಬರಿಯ ಸಸ್ಯಶಾಸ್ತ್ರದ್ದಲ್ಲ, ಹಣಕಾಸಿನದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಬಗ್ಗೆ ನನಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದೆ ಇಡಬಯಸುತ್ತೇನೆ.

ಮೊದಲು ವೈರಿಗಳ ಪರಿಚಯವಾಗಲಿ. ಬಯಲುಸೀಮೆಗೆ ತಾಗಿದ ಹಳಿಯಾಳ ಮತ್ತು ಮುಂಡಗೋಡಗಳಲ್ಲಿ ಪಾರ್ಥೇನಿಯಂ ಮುಖ್ಯವಾದುದು. 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಅಮೇರಿಕದ ಗಿಡ ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ನಮ್ಮ ಜನ ಇದನ್ನು ಕಾಂಗ್ರೆಸ್ ಕಸವೆನ್ನುತ್ತಾರೆ. ಮಲೆನಾಡಿನ ಕಡೆಗೆ ನಡೆದರೆ ಯುಪಟೋರಿಯಂ ಎದುರಾಗುತ್ತದೆ. ಅದಕ್ಕೆ ಕಮ್ಯುನಿಸ್ಟ್ ಗಿಡವೆಂದು ಹೆಸರು. ಪಕ್ಷಗಳು ಬೇರೆಯಾದರೂ ನೆಲವನ್ನು ಆಕ್ರಮಿಸುವುದರಲ್ಲಿ ಎರಡಕ್ಕೂ ಒಮ್ಮತವಿದೆ! ಮೂರನೆಯದು ಲಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ತಂದ ಈ ಹೂಗಿಡ ಇಂದು ಕಾಡಿನ ಅಂಚಿನಲ್ಲೆಲ್ಲ ಮುಳ್ಳಿನ ಬೇಲಿಯಾಗಿ ನಿಂತಿದೆ.

ಇವುಗಳಿಂದಾಗುವ ಹಾನಿ ಸಾಮಾನ್ಯವಾದುದಲ್ಲ. ಪಾರ್ಥೇನಿಯಂ ಗಿಡವೊಂದು ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಚೆಲ್ಲಬಲ್ಲದು. ಅದರ ಸೋಂಕಿನಿಂದ ಚರ್ಮ ಸುಡುತ್ತದೆ, ಪರಾಗದಿಂದ ಉಬ್ಬಸ ಏಳುತ್ತದೆ. ಅದನ್ನು ಮೇದ ಎಮ್ಮೆಯ ಹಾಲು ಕಹಿಯಾಗುತ್ತದೆ. ಯುಪಟೋರಿಯಂ ಮತ್ತು ಲಂಟಾನಗಳ ಕೆಳಗೆ ಹುಲ್ಲು ಬೆಳೆಯದು. ಬೇಸಿಗೆಯಲ್ಲಿ ಒಣಗಿದಾಗ ಇವೇ ಕಾಡಿನ ಬೆಂಕಿಗೆ ಕಟ್ಟಿಗೆಯಾಗುತ್ತವೆ. ನಮ್ಮ ಭಾಗದ ಗೌಳಿಗರ ಬದುಕೆಲ್ಲ ಎಮ್ಮೆಯನ್ನು ನಂಬಿದೆ. ಎಮ್ಮೆಯ ಬದುಕು ಹುಲ್ಲುಗಾವಲನ್ನು. ಕಾವಲು ಕಳೆಯ ಪಾಲಾದರೆ ಗೌಳಿಗರ ದೊಡ್ಡಿ ಬರಿದಾಗುವುದು. ಹೊಲಕ್ಕೆ ಬೇಲಿಯೂ ಇಲ್ಲದ ಸಿದ್ದಿ, ಕುಣಬಿ ಬಡ ಒಕ್ಕಲುಗಳಿಗೆ ಹಾದಿಬದಿಯ ಬೀಜವೆಂದರೆ ಮುಂದಿನ ವರ್ಷದ ಕೂಲಿಯ ಖರ್ಚು. ಸಿರಿವಂತನು ಔಷಧ ಹೊಡೆಸಿ ತನ್ನ ಭೂಮಿಯನ್ನು ಕಾಪಾಡಿಕೊಂಡಾನು. ಸಾರ್ವಜನಿಕ ನೆಲದ ಕಳೆಯ ಪೆಟ್ಟು ಬೀಳುವುದು ಬಡವನ ಬೆನ್ನಿಗೆ.

ಇನ್ನು ನಮ್ಮ ಊರುಗಳ ಸ್ಥಿತಿಯನ್ನು ನೋಡೋಣ. ದಾಂಡೇಲಿಯು ಕಾಡಿನ ಮರದಿಂದಲೂ ಕಾರ್ಖಾನೆಯ ಹೊಗೆಯಿಂದಲೂ ಬೆಳೆದ ಊರು. 1959ರಲ್ಲಿ ಕಾಗದ ತಯಾರಿಸಲಾರಂಭಿಸಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಇಂದಿಗೂ ನಡೆದಿದೆ. ಆದರೆ ಪ್ಲೈವುಡ್ ಕಾರ್ಖಾನೆ ಮುಚ್ಚಿತು. ಫೆರೋ ಮ್ಯಾಂಗನೀಸ್ ಕಾರ್ಖಾನೆ ಮುಚ್ಚಿತು. ಜೋಯಿಡಾ ಸೀಮೆಯ ಮ್ಯಾಂಗನೀಸ್ ಗಣಿಗಳೂ ನಿಂತವು. 2001ರ ಜನಗಣತಿಯಲ್ಲಿ ಸುಮಾರು 53 ಸಾವಿರವಿದ್ದ ದಾಂಡೇಲಿಯ ಜನಸಂಖ್ಯೆ 2011ರಲ್ಲಿ ಸುಮಾರು 52 ಸಾವಿರಕ್ಕೆ ಇಳಿಯಿತು. ನಾಡಿನ ನಗರಗಳೆಲ್ಲ ಹಿಗ್ಗುತ್ತಿದ್ದ ಕಾಲದಲ್ಲಿ ಒಂದು ನಗರ ಕುಗ್ಗಿತೆಂದರೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಯಿಡಾದ ಕಥೆ ಬೇರೆ. ಕಾಳಿ ನದಿಗೆ ಸೂಪಾ ಅಣೆಕಟ್ಟು ಬಂದು ಹಳೆಯ ಸೂಪಾ ಪೇಟೆಯೇ ನೀರಿನಡಿಗೆ ಹೋಯಿತು. ನಿರಾಶ್ರಿತರು ರಾಮನಗರಕ್ಕೆ ಬಂದು ನೆಲೆಸಿದರು. ಉಳಿದ ನೆಲದ ಬಹುಭಾಗ ಕಾಡು. ಕಾಡು ನಮ್ಮ ಸಂಪತ್ತು, ಸಂದೇಹವಿಲ್ಲ. ಆದರೆ ಕಾಡು ಮನೆಪಟ್ಟಿ ಕೊಡುವುದಿಲ್ಲ. ಮನೆಪಟ್ಟಿಯೇ ಮುಖ್ಯ ಸ್ವಂತ ಆದಾಯವಾಗಿರುವ ಗ್ರಾಮ ಪಂಚಾಯತಿಗೆ ಕಾಡಿನ ನಡುವೆ ಚದುರಿದ ಹತ್ತಾರು ಹಳ್ಳಿಗಳಿಂದ ಬರುವ ಹಣವೆಷ್ಟು?

ಹೀಗೆ ಆದಾಯ ಇಳಿಯುವುದೂ ಕಳೆ ಏರುವುದೂ ಒಂದೇ ಕಾರಣದ ಎರಡು ಫಲಗಳು. ಬೀಗ ಬಿದ್ದ ಕಾರ್ಖಾನೆಯ ಬಯಲು, ಖಾಲಿಯಾದ ವಸತಿಗೃಹಗಳ ಹಿತ್ತಿಲು, ಕೂಲಿಗೆಂದು ಗೋವೆಗೋ ಹುಬ್ಬಳ್ಳಿಗೋ ಹೋದವರ ಬೀಳು ಹೊಲ, ಇವು ಕರ ಕೊಡದ ಜಾಗಗಳು, ಕಳೆಗೆ ತವರುಮನೆಗಳು. ಊರು ಬಡವಾದಷ್ಟೂ ಕಳೆ ಶ್ರೀಮಂತವಾಗುತ್ತದೆ.

ಇದಕ್ಕೆ ಕಾನೂನಿಲ್ಲವೇ? ಉಂಟು. ಕೊಡಗಿನಲ್ಲಿ 1914ರಷ್ಟು ಹಿಂದೆಯೇ ಉಪದ್ರವಕಾರಿ ಕಳೆಗಳ ಬಗ್ಗೆ ಪ್ರತ್ಯೇಕ ಶಾಸನವಾಗಿತ್ತು. ನಮ್ಮ ರಾಜ್ಯದಲ್ಲಿ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆಯಿದೆ. ಅದರಡಿಯಲ್ಲಿ 1975ರಲ್ಲಿ ಪಾರ್ಥೇನಿಯಂ ಅನ್ನು ಉಪದ್ರವಕಾರಿ ಕಳೆಯೆಂದು ಸಾರಲಾಯಿತು. ಇಂಥ ಕಾಯಿದೆಗಳ ತಿರುಳೇನೆಂದರೆ, ಭೂಮಿಯ ಸ್ವಾಧೀನದಲ್ಲಿರುವವನೇ ಕಳೆಯನ್ನು ತೆಗೆಯತಕ್ಕದ್ದು. ಆದರೆ ಸ್ವಾಧೀನದಾರನು ಸರಕಾರವೇ ಆದಾಗ ನೋಟೀಸು ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು? ನಮ್ಮ ಜಿಲ್ಲೆಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲ ಅರಣ್ಯವೆನಿಸಿಕೊಂಡಿದೆ. ಉಳಿದುದರಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ, ವಿದ್ಯುತ್ ನಿಗಮದ ಜಾಗ, ಕಾಲುವೆ, ಕೆರೆ. ಕಾಯಿದೆಯ ಕಣ್ಣು ಸಣ್ಣ ರೈತನ ಮೇಲೆ. ಕಳೆಯ ಬೇರು ದೊಡ್ಡ ಭೂಮಾಲೀಕರ ನೆಲದಲ್ಲಿ.

ಇನ್ನು ಅನುದಾನಗಳ ಮಾತು. ನನ್ನ ದೃಷ್ಟಿಯಲ್ಲಿ ಈ ಸಮಸ್ಯೆಯ ಮರ್ಮವಿರುವುದು ಇಲ್ಲಿಯೇ. 2021ರಿಂದ 2026ರವರೆಗಿನ ಅವಧಿಗೆ ಹದಿನೈದನೆಯ ಹಣಕಾಸು ಆಯೋಗವು ಪಂಚಾಯತಿಗಳಿಗೆ ಹೇಳಿದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಾಗಿತ್ತು. ಉಳಿದ 40 ಭಾಗದ ಮೇಲೆ ಗಟಾರ, ದೀಪ, ರಸ್ತೆ, ಎಲ್ಲಕ್ಕೂ ಹಕ್ಕು. ಆ ಸಾಲಿನಲ್ಲಿ ಕಳೆಗೆ ಕೊನೆಯ ಸ್ಥಾನವೂ ದೊರೆಯುವುದು ಕಷ್ಟ. ಉದ್ಯೋಗ ಖಾತ್ರಿಯಿಂದ ಮಾಡಿಸಬಹುದಿತ್ತಲ್ಲ ಎಂದು ಕೇಳುವವರುಂಟು. 2005ರ ಆ ಕಾಯಿದೆಯ ಅನುಸೂಚಿಯಲ್ಲಿ, ಹುಲ್ಲು ಕೀಳುವುದು, ಕಲ್ಲು ಆಯುವುದು ಮುಂತಾದ, ಅಳತೆಗೆ ಸಿಗದ, ಮತ್ತೆ ಮತ್ತೆ ಮಾಡಬೇಕಾದ ಕೆಲಸಗಳನ್ನು ಕೈಗೊಳ್ಳಕೂಡದೆಂದು ಸ್ಪಷ್ಟವಾಗಿ ಬರೆದುಬಿಟ್ಟರು. ಹಣ ಪೋಲಾಗಬಾರದೆಂಬ ಅದರ ಉದ್ದೇಶ ಒಳ್ಳೆಯದೇ. ಆದರೆ ಕಳೆಯ ಸ್ವಭಾವವೇ ಮತ್ತೆ ಮತ್ತೆ ಬರುವುದಲ್ಲವೇ? ಗೋಡೆ ಕಟ್ಟಿದರೆ ಅಳೆಯಬಹುದು, ಫಲಕ ಹಾಕಬಹುದು. ಕಳೆ ಕಿತ್ತ ನೆಲದಲ್ಲಿ ಅಳೆಯುವುದಕ್ಕೆ ಏನಿರುತ್ತದೆ? ಏನೂ ಇಲ್ಲದಿರುವುದೇ ಅಲ್ಲಿಯ ಸಾಧನೆ. ಕಟ್ಟುವುದಕ್ಕೆ ಹಣವುಂಟು, ಕಾಯುವುದಕ್ಕೆ ಹಣವಿಲ್ಲ ಎಂಬುದು ನಮ್ಮ ಲೆಕ್ಕಪದ್ಧತಿಯ ದೊಡ್ಡ ಕೊರತೆ. ಸ್ವಂತ ಆದಾಯವುಳ್ಳ ಊರು ಈ ಕೊರತೆಯನ್ನು ತನ್ನ ಗಂಟಿನಿಂದ ತುಂಬಿಕೊಂಡೀತು. ಅನುದಾನವನ್ನೇ ನಂಬಿದ ಊರು ಏನು ಮಾಡಬೇಕು? 2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಸ್ಥಾನಕ್ಕೆ ಹೊಸ ಕಾಯಿದೆಯೊಂದನ್ನು ಅಂಗೀಕರಿಸಿದೆ. ಅದರಡಿಯಲ್ಲಾದರೂ ಕಳೆಯ ಕೆಲಸಕ್ಕೆ ಎಡೆ ಸಿಗಲೆಂದು ನಮ್ಮ ಪ್ರತಿನಿಧಿಗಳು ಕೇಳಬೇಕು.

ಕಾಲದ ಪ್ರಶ್ನೆಯೂ ಇದೆ. ಮೃಗಶಿರೆಯ ಮಳೆ ಬಿದ್ದೊಡನೆ ಮೊಳೆತ ಪಾರ್ಥೇನಿಯಂ ಒಂದೂವರೆ ಎರಡು ತಿಂಗಳೊಳಗೆ ಹೂ ಬಿಡುತ್ತದೆ. ಪಾರ್ಥೇನಿಯಂ ಜಾಗೃತಿ ಸಪ್ತಾಹ ದೇಶಾದ್ಯಂತ ನಡೆಯುವುದು ಆಗಸ್ಟ್ 16ರಿಂದ 22ರವರೆಗೆ. ನಮ್ಮ ಸೀಮೆಯಲ್ಲಿ ಆ ಹೊತ್ತಿಗೆ ಬಿಳಿ ಹೂ ಅರಳಿಯಾಗಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ! ಹೂವಾದ ಮೇಲೆ ಕಿತ್ತರೆ ಬೀಜವನ್ನು ನಾವೇ ಬಿತ್ತಿದಂತಾಗುತ್ತದೆ. ಆದುದರಿಂದ ಹಣ ಎಷ್ಟು ಬಂತೆಂಬುದಕ್ಕಿಂತ ಯಾವಾಗ ಬಂತೆಂಬುದು ಮುಖ್ಯ. ಜೂನ್ ತಿಂಗಳಲ್ಲಿ ಕೈಯಲ್ಲಿರುವ ಸಾವಿರ ರೂಪಾಯಿ ನವೆಂಬರಿನ ಹತ್ತು ಸಾವಿರಕ್ಕಿಂತ ಮಿಗಿಲು.

“ನಲ್ಲಿಯಲ್ಲಿ ನೀರಿಲ್ಲ, ಕಂಬದಲ್ಲಿ ದೀಪವಿಲ್ಲ, ನಿಮ್ಮದೇನು ಕಸದ ಗೋಳು?” ಎಂದು ಪಂಚಾಯತಿಯ ಹಿರಿಯರು ಕೇಳಿಯಾರು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಲೆಕ್ಕದಿಂದಲೇ ಉತ್ತರ ಕೊಡುವುದು ಲೇಸು. ಒಂದು ಪಂಚಾಯತಿಯಲ್ಲಿ ಹತ್ತು ಜನ, ಹತ್ತು ದಿನ, ವರ್ಷಕ್ಕೆ ಎರಡು ಸಲ ದುಡಿದರೆಂದು ಇಟ್ಟುಕೊಳ್ಳೋಣ. ಅದು 200 ಆಳಿನ ಕೆಲಸ. 2025-26ರಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ್ದ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿಯಂತೆ ಹಿಡಿದರೆ ಒಟ್ಟು 74 ಸಾವಿರ ರೂಪಾಯಿ. ಊರಿನ ಎಲ್ಲ ಕಳೆಯೂ ಇದರಿಂದ ಹೋಗದು, ನಿಜ. ಆದರೆ ಶಾಲೆ, ಆಸ್ಪತ್ರೆ, ಬಾವಿಯ ಸುತ್ತ, ಸಂತೆಯ ಬಯಲು, ಗಾಯರಾಣದ ಅಂಚು, ಇಷ್ಟನ್ನು ಹೂವಾಗದಂತೆ ಕಾಯಬಹುದು. ಈ ಹಣ ಪರವೂರಿನ ಗುತ್ತಿಗೆದಾರನಿಗೆ ಹೋಗದೆ ನಮ್ಮೂರಿನ ಕೈಗಳಿಗೇ ಸೇರಿ ನಮ್ಮೂರಿನ ಅಂಗಡಿಯಲ್ಲಿಯೇ ಖರ್ಚಾಗುತ್ತದೆ. ಕೆಲಸ ತಪ್ಪಿದ ಊರಿಗೆ ಇದೇನು ಸಣ್ಣ ಲಾಭವೇ? ಬಿಟ್ಟ ಕಳೆಯಾದರೋ ಬಡ್ಡಿಯ ಸಾಲದಂತೆ ವರ್ಷ ವರ್ಷಕ್ಕೂ ಬೆಳೆಯುವುದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಹಾಗಾದರೆ ಹಣ ಎಲ್ಲಿಂದ? ದಾಂಡೇಲಿಗೆ ನಗರಸಭೆ, ಹಳಿಯಾಳಕ್ಕೆ ಪುರಸಭೆ, ಮುಂಡಗೋಡಕ್ಕೆ ಪಟ್ಟಣ ಪಂಚಾಯತಿ, ಜೋಯಿಡಾದಲ್ಲಿ ಗ್ರಾಮ ಪಂಚಾಯತಿಗಳು. ಗಾಳಿಯಲ್ಲಿ ಹಾರುವ ಬೀಜಕ್ಕೆ ಈ ಗಡಿಗಳೊಂದೂ ಗೊತ್ತಿಲ್ಲ. ಆದುದರಿಂದ ನಾಲ್ಕು ತಾಲೂಕುಗಳಿಗೂ ಕೂಡಿ ಒಂದೇ ಕಳೆ ನಿಧಿ ಇರತಕ್ಕದ್ದೆಂದು ನನ್ನ ಅಭಿಪ್ರಾಯ. ಅದಕ್ಕೆ ಪ್ರತಿಯೊಬ್ಬರೂ ತಮ್ಮ ಸ್ವಾಧೀನದಲ್ಲಿರುವ ನೆಲಕ್ಕೆ ತಕ್ಕಂತೆ ವಂತಿಗೆ ಕೊಡಲಿ. ಸೂಪಾ, ನಾಗಝರಿಗಳಿಂದ ನಾಡಿಗೆಲ್ಲ ಬೆಳಕು ಹೋಗುತ್ತದೆ. ಅದರ ಒಂದು ಕಿರಿಯ ಪಾಲು ಇಲ್ಲಿಯ ಹುಲ್ಲುಗಾವಲಿಗೆ ಬರಲಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ನೋಡಲು ಪ್ರವಾಸಿಗರು ಬರುತ್ತಾರೆ. 2006ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯಿದೆ ಇಂಥ ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನವನ್ನು ವಿಧಿಸಿದೆ. ಅದರ ಹಣದಿಂದ ಕಾಡಂಚಿನ ಲಂಟಾನ ತೆಗೆಸಿದರೆ ಜಿಂಕೆಗೂ ಹುಲ್ಲು, ಎಮ್ಮೆಗೂ ಹುಲ್ಲು. ರಸ್ತೆ ಮಾಡುವ ಗುತ್ತಿಗೆಯಲ್ಲಿ ಎರಡು ವರ್ಷ ಬದಿಯ ಕಳೆ ತೆಗೆಯುವ ಕರಾರನ್ನೂ ಸೇರಿಸಲಿ. ಇವರನ್ನೆಲ್ಲ ಒಂದೆಡೆ ಕೂಡಿಸುವ ಕೆಲಸ ಜಿಲ್ಲಾ ಪಂಚಾಯತಿಯದು. 2021ರಲ್ಲಿ ಅದರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲವೆಂಬುದು ನಾವೆಲ್ಲರೂ ವಿಷಾದಪಡಬೇಕಾದ ಸಂಗತಿ. ಕೇಳುವವರಿಲ್ಲದ ಕಡೆ ಕಳೆ ಬೆಳೆಯುವುದು ಹೊಲದಲ್ಲಿ ಮಾತ್ರವಲ್ಲ.

ವಿಜ್ಞಾನವೂ ನಮ್ಮ ನೆರವಿಗಿದೆ. 1983ರಲ್ಲಿ ಮೆಕ್ಸಿಕೋದಿಂದ ತಂದ ದುಂಬಿಯೊಂದನ್ನು ಬೆಂಗಳೂರಿನಲ್ಲಿ 1984ರಲ್ಲಿ ಪಾರ್ಥೇನಿಯಂ ಮೇಲೆ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಯನ್ನು ಮೇಯುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹದೇವಪ್ಪನವರು, ತಗಚೆಯ ಜಾತಿಗೆ ಸೇರಿದ ಕ್ಯಾಸಿಯಾ ಗಿಡವನ್ನು ಬೆಳೆಸಿ ಪಾರ್ಥೇನಿಯಂ ಅನ್ನು ಹಿಂದೂಡುವ ಮಾರ್ಗವನ್ನು ಪ್ರಚಾರ ಮಾಡಿದರು. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ ಮೇಜುಗಳನ್ನು ಮಾಡಿ ಮಾರುತ್ತಿದ್ದಾರೆ. ಬಿದಿರಿನ ಕೆಲಸ ಬಲ್ಲವರಿರುವ ನಮ್ಮ ಸೀಮೆಗೆ ಇದು ಹೊರತಾಗಬಾರದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಪಾಪಾಸುಕಳ್ಳಿಯು ಲಕ್ಷಾಂತರ ಎಕರೆ ನುಂಗಿದ್ದಾಗ ಅರ್ಜೆಂಟೀನದಿಂದ ತಂದ ಪತಂಗದ ಹುಳು ಅದನ್ನು ತಿಂದುಹಾಕಿತು. ಬೂನಾರ್ಗಾ ಎಂಬ ಹಳ್ಳಿಯ ಜನ 1936ರಲ್ಲಿ ಆ ಹುಳುವಿನ ಹೆಸರಿನಲ್ಲಿ ಸಭಾಭವನವನ್ನೇ ಕಟ್ಟಿದರು. ಆದರೆ ಹುಳುವನ್ನು ನಂಬಿ ಕೈಕಟ್ಟಿ ಕೂಡುವಂತಿಲ್ಲ. ನಮ್ಮ ದುಂಬಿ ಬಂದು ನಾಲ್ವತ್ತು ವರ್ಷಗಳಾದರೂ ಪಾರ್ಥೇನಿಯಂ ಉಳಿದೇ ಇದೆ. ಹುಳು, ಗಿಡ, ಕೈ ಈ ಮೂರೂ ಕೂಡಿದರೆ ಕೆಲಸ. ಕೈಗೆ ಮಾತ್ರ ಕೂಲಿ ಬೇಕು.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಕಳೆ ಕೀಳುವ ಶ್ರಮದಾನ ನಡೆಯುವುದುಂಟು. ಅದು ಒಳ್ಳೆಯದೇ, ಬರಿಗೈಯಲ್ಲಿ ಮಾತ್ರ ಕೂಡದು. ಆದರೆ ಒಂದು ದಿನದ ಶ್ರಮದಾನವು ವರ್ಷದ ಆಯವ್ಯಯಕ್ಕೆ ಬದಲಿಯಾಗಲಾರದು. ಬಡವನಿಗೆ ಸಿಗಬೇಕಾದ ಕೂಲಿಯನ್ನು ಅದು ಕಸಿಯಲೂಬಾರದು. ನಾವು ಮಾಡಬಹುದಾದ ಹೆಚ್ಚಿನ ಸೇವೆ ಬೇರೊಂದಿದೆ. ನಮ್ಮ ನಮ್ಮ ಊರುಗಳಲ್ಲಿ ಕಳೆ ಎಲ್ಲೆಲ್ಲಿದೆ, ಆ ನೆಲ ಯಾರದು, ಹೂವಾಗುವುದು ಯಾವ ವಾರ ಎಂಬುದನ್ನು ಭೂಗೋಳ, ಅರ್ಥಶಾಸ್ತ್ರ ವಿಭಾಗದವರು ಕೂಡಿ ನಕ್ಷೆ ಬರೆದು ಗ್ರಾಮಸಭೆಯ ಮುಂದಿಡೋಣ. ಗುರುಗಳು ಮಾರ್ಗದರ್ಶನ ಮಾಡುವರೆಂಬ ಭರವಸೆ ನನಗಿದೆ. ಏಪ್ರಿಲಿನಲ್ಲಿ ಪಂಚಾಯತಿಯ ಹೊಸ ವರ್ಷ ಆರಂಭವಾಗುವುದರೊಳಗಾಗಿ ಆಯವ್ಯಯ ಪತ್ರಿಕೆಯಲ್ಲಿ “ಕಳೆ ನಿಯಂತ್ರಣ” ಎಂಬ ಒಂದು ಸಾಲು ಸೇರಲಿ. ಅದರ ಮುಂದೆ ಒಂದು ಮೊತ್ತ ಬೀಳಲಿ. ಆ ಮೊತ್ತ ಮಳೆಗಿಂತ ಮೊದಲು ಕೈಗೆ ಬರಲಿ. ನಾವು ಕೇಳಬೇಕಾದುದು ಇಷ್ಟೇ, ಇದನ್ನು ಕೊಡಲಾರದಷ್ಟು ಬಡತನ ನಮ್ಮ ನಾಲ್ಕು ತಾಲೂಕುಗಳಿಗೆ ಇನ್ನೂ ಬಂದಿಲ್ಲ.